ಸಾಧನಗಳಿಗೆ ಬುದ್ಧಿ ಬಂದ ಕಾಲ

ಅಲನ್ ಶುಗಾರ್ಟ್ ಐಬಿಎಮ್‌ನಲ್ಲಿ ಹದಿನೆಂಟು ವರ್ಷ ದುಡಿದು ಡಿಸ್ಕ್ ಡ್ರೈವ್‌ಗಳ ಒಳಹೊರಗನ್ನೆಲ್ಲ ಬಲ್ಲವರಾಗಿದ್ದರು. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಹೆಸರಿನ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿ ಕಟ್ಟಿದರು. ಮರುವರ್ಷವೇ ಅದರಿಂದ ಹೊರಬಿದ್ದರು. ಕಂಪನಿ ಅವರ ಹೆಸರಿಟ್ಟುಕೊಂಡೇ ಬೆಳೆಯಿತು, 1977ರಲ್ಲಿ ಜೆರಾಕ್ಸ್ ಅದನ್ನು ಕೊಂಡುಕೊಂಡಿತು. 1979ರಲ್ಲಿ ಶುಗಾರ್ಟ್ ಅವರು ಫಿನಿಸ್ ಕಾನರ್ ಮೊದಲಾದವರ ಜೊತೆಗೂಡಿ ಶುಗಾರ್ಟ್ ಟೆಕ್ನಾಲಜಿ ಎಂಬ ಇನ್ನೊಂದು ಕಂಪನಿ ತೆರೆದರು. ಹೆಸರಿನ ತಕರಾರು ಎದ್ದದ್ದರಿಂದ ಅದು ಸೀಗೇಟ್ ಆಯಿತು. ಹೀಗೆ ಒಬ್ಬರೇ ಮನುಷ್ಯ ಹುಟ್ಟುಹಾಕಿದ ಎರಡು ಕಂಪನಿಗಳು, ಒಂದೇ ಹೊತ್ತಿನಲ್ಲಿ, ಡ್ರೈವಿಗೆ ಎಷ್ಟು ಬುದ್ಧಿ ಇರಬೇಕು ಎಂಬ ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟವು.

ಸೀಗೇಟಿನ ಉತ್ತರ 1980ರಲ್ಲಿ ಬಂದ ಎಸ್‌ಟಿ-506 ಎಂಬ ಡ್ರೈವ್. 5.25 ಇಂಚಿನ ಅಳತೆಯ ಮೊದಲ ಹಾರ್ಡ್ ಡಿಸ್ಕ್ ಅದು. ಹಿಡಿಯುತ್ತಿದ್ದದ್ದು 5 ಮೆಗಾಬೈಟ್. ಅದರಿಂದ ಎರಡು ಕೇಬಲ್ ಹೊರಡುತ್ತಿದ್ದವು. 34 ತಂತಿಗಳ ಅಗಲದ ಕೇಬಲ್ಲಿನಲ್ಲಿ ಆಜ್ಞೆಗಳು, 20 ತಂತಿಗಳ ಕಿರಿದಾದ ಕೇಬಲ್ಲಿನಲ್ಲಿ ದತ್ತ. ಆಜ್ಞೆ ಅಂದರೂ ಬಹಳ ಸರಳ: ಇಂಥ ಹೆಡ್ಡನ್ನು ಆರಿಸಿಕೊ, ಒಂದು ಟ್ರ್ಯಾಕ್ ಒಳಕ್ಕೆ ಸರಿ, ಒಂದು ಟ್ರ್ಯಾಕ್ ಹೊರಕ್ಕೆ ಸರಿ. ಓದುವಾಗ ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳನ್ನು ಇದ್ದಂತೆಯೇ ಮಿಡಿತಗಳಾಗಿ ಕಳಿಸುವುದಷ್ಟೇ ಡ್ರೈವಿನ ಕೆಲಸ. ಆ ಮಿಡಿತಗಳಲ್ಲಿ ಬಿಟ್ ಯಾವುದು, ಸೆಕ್ಟರ್ ಎಲ್ಲಿ ಶುರುವಾಗುತ್ತದೆ, ತಪ್ಪು ನುಸುಳಿದೆಯೇ ಎಂಬುದನ್ನೆಲ್ಲ ಕಂಪ್ಯೂಟರಿನೊಳಗಿನ ಕಂಟ್ರೋಲರ್ ಕಾರ್ಡೇ ಬಿಡಿಸಿಕೊಳ್ಳಬೇಕು. ತನ್ನಲ್ಲಿ ಎಷ್ಟು ಟ್ರ್ಯಾಕ್ ಇವೆಯೆಂದು ಹೇಳಲು ಕೂಡ ಆ ಡ್ರೈವಿಗೆ ದಾರಿಯಿರಲಿಲ್ಲ.

ಅತ್ತ ಹಳೆಯ ಶುಗಾರ್ಟ್ ಅಸೋಸಿಯೇಟ್ಸ್‌ನಲ್ಲಿ ಲ್ಯಾರಿ ಬೌಚರ್ ಎಂಬ ಎಂಜಿನಿಯರ್ ಇದನ್ನೇ ತಲೆಕೆಳಗು ಮಾಡಿ ಯೋಚಿಸುತ್ತಿದ್ದರು. ಹೊಸ ಡ್ರೈವ್ ಬಂದಾಗಲೆಲ್ಲ ಕಂಪ್ಯೂಟರ್ ತಯಾರಿಸುವವರು ಹೊಸ ಕಂಟ್ರೋಲರ್, ಹೊಸ ಸಾಫ್ಟ್‌ವೇರ್ ಮಾಡಿಕೊಳ್ಳಬೇಕಾದ ಪಾಡು ಅವರ ಕಣ್ಣೆದುರಿಗಿತ್ತು. ಕಂಟ್ರೋಲರನ್ನು ಡ್ರೈವಿನ ಕಡೆಗೆ ಸರಿಸಿಬಿಟ್ಟರೆ? ಕಂಪ್ಯೂಟರ್ ‘ನೂರನೆಯ ಬ್ಲಾಕ್ ಕೊಡು’ ಎಂದಷ್ಟೇ ಕೇಳಲಿ. ಅದು ಯಾವ ತಟ್ಟೆಯ ಯಾವ ಟ್ರ್ಯಾಕಿನಲ್ಲಿದೆ ಎಂಬುದು ಡ್ರೈವಿನ ಮನೆಯ ವ್ಯವಹಾರವಾಗಲಿ. ಕಂಪ್ಯೂಟರನ್ನೂ ಸಾಧನಗಳನ್ನೂ ಸೇರಿಸುವ ಈ ಹಂಚಿಕೆಯ ದಾರಿಗೆ, ಅಂದರೆ ಬಸ್ಸಿಗೆ, ಸಾಸಿ ಎಂದು ಹೆಸರಾಯಿತು. ಎನ್‌ಸಿಆರ್ ಕಂಪನಿಯೂ ಕೈಜೋಡಿಸಿ ಅದನ್ನು ಅಮೆರಿಕದ ಮಾನಕ ಸಂಸ್ಥೆಯ ಮುಂದಿಟ್ಟಿತು. ಸಮಿತಿಯ ಕೈಯಲ್ಲಿ ಪಳಗಿ 1986ರಲ್ಲಿ ‘ಸ್ಕಸಿ’ ಎಂಬ ಅಧಿಕೃತ ಮಾನದಂಡವಾಗಿ ಹೊರಬಂತು.

ಬಸ್‌ಗಳ ಚರಿತ್ರೆಯನ್ನು ವೇಗದ ಅಂಕಿಗಳಲ್ಲಿ ಬರೆಯುವುದು ವಾಡಿಕೆ: ಇದು ಸೆಕೆಂಡಿಗೆ ಇಷ್ಟು ಮೆಗಾಬೈಟ್, ಅದು ಅದರ ಹತ್ತು ಪಟ್ಟು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಲೆಕ್ಕ. ಕಂಪ್ಯೂಟರಿನ ಬಳಗಕ್ಕೆ ಸೇರಬಯಸುವ ಒಂದು ಸಾಧನ ತನ್ನ ಬಗ್ಗೆ ಎಷ್ಟು ತಿಳಿದಿರಬೇಕು, ಎಷ್ಟನ್ನು ತಾನೇ ಹೇಳಿಕೊಳ್ಳಬೇಕು, ಅದು ಹೇಳಲಾರದ್ದನ್ನು ಯಾರು ನೆನಪಿಟ್ಟುಕೊಳ್ಳಬೇಕು? 1980ರಿಂದ ಸುಮಾರು ಇಪ್ಪತ್ತು ವರ್ಷ ಈ ಹೊರೆ ಕೈಯಿಂದ ಕೈಗೆ ದಾಟುತ್ತ ಹೋಯಿತು. ಮೊದಲಿಗೆ ಅದನ್ನು ಹೊತ್ತದ್ದು ಸ್ಕ್ರೂಡ್ರೈವರ್ ಹಿಡಿದ ಮನುಷ್ಯ.

ಬಸ್ ಎಂಬ ಕಲ್ಪನೆ ಅಷ್ಟರಲ್ಲಾಗಲೇ ಹಳೆಯದಾಗಿತ್ತು. ಮ್ಯಾಸಚೂಸೆಟ್ಸ್‌ನ ಡಿಇಸಿ ಕಂಪನಿ 1970ರಲ್ಲಿ ಪಿಡಿಪಿ-11 ಕಂಪ್ಯೂಟರಿನ ಜೊತೆ ತಂದ ಯೂನಿಬಸ್‌ನಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಟರ್ಮಿನಲ್ ಎಲ್ಲವೂ 56 ತಂತಿಗಳ ಒಂದೇ ದಾರಿಗೆ ಸೇರುತ್ತಿದ್ದವು. ಸಾಧನದ ರಿಜಿಸ್ಟರುಗಳು ಮೆಮೊರಿಯ ವಿಳಾಸಗಳಂತೆಯೇ ಕಾಣುತ್ತಿದ್ದವು, ಹಾಗಾಗಿ ಅವುಗಳನ್ನು ಮಾತಾಡಿಸಲು ಬೇರೆ ಸೂಚನೆಗಳೇ ಬೇಕಿರಲಿಲ್ಲ. ಬಹಳ ಸುಂದರವಾದ ವಿನ್ಯಾಸವದು. ಕಂಪ್ಯೂಟರ್ ವಿಜ್ಞಾನದ ಪಾಠಗಳಲ್ಲಿ ಇಂದಿಗೂ ಅದಕ್ಕೆ ಜಾಗವಿರಬೇಕು. ಐದು ವರ್ಷ ಕಳೆದು 1975ರಲ್ಲಿ ಬಂದ ಆಲ್ಟೇರ್ 8800 ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ 100 ಪಿನ್ನುಗಳ ಕನೆಕ್ಟರ್ ಇತ್ತು. ಅದೇ ಎಸ್-100 ಬಸ್ಸಾಗಿ ಹತ್ತಾರು ಸಣ್ಣ ಕಂಪನಿಗಳಿಗೆ ಅನ್ನ ಕೊಟ್ಟಿತು. ಆ ಬಸ್ಸಿನಲ್ಲಿ ವಿದ್ಯುತ್ತು ಕೂಡ ಹದಗೊಳ್ಳದೆಯೇ ಹರಿಯುತ್ತಿತ್ತು: 8 ವೋಲ್ಟ್ ಬರುತ್ತದೆ, ಅದನ್ನು 5ಕ್ಕೆ ಇಳಿಸಿಕೊಳ್ಳುವ ರೆಗ್ಯುಲೇಟರ್ ಪ್ರತಿ ಕಾರ್ಡಿನ ಮೇಲೂ ಇರಬೇಕು. ಬೇರೆ ಬೇರೆ ವೋಲ್ಟೇಜಿನ ತಂತಿಗಳು ಪಕ್ಕಪಕ್ಕದಲ್ಲೇ ಇದ್ದುದರಿಂದ ಸ್ವಲ್ಪ ಎಡವಿದರೆ ಶಾರ್ಟ್. ಆದರೂ ಅದು ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಕಾರ್ಡ್ ಮಾಡಿ ಮಾರಬಹುದಿತ್ತು. ಮುಂದೆ ಐಬಿಎಮ್ ಕಲಿತ ಪಾಠ ಇದು. ಆಮೇಲೆ ಮರೆತದ್ದೂ ಇದನ್ನೇ.

1981ರ ಆಗಸ್ಟ್ 12ರಂದು ಐಬಿಎಮ್ ಪಿಸಿ ಬಿಡುಗಡೆಯಾಯಿತು. ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ ಡಾನ್ ಎಸ್ಟ್ರಿಜ್ ಅವರ ತಂಡ ಅದನ್ನು ಸುಮಾರು ಒಂದು ವರ್ಷದಲ್ಲಿ, ಹೆಚ್ಚಾಗಿ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿತ್ತು. ಮುಚ್ಚಳ ತೆಗೆದರೆ ಐದು ಸ್ಲಾಟ್, ಒಂದೊಂದರಲ್ಲೂ 62 ಸಂಪರ್ಕ: ದತ್ತಕ್ಕೆ 8 ತಂತಿ, ವಿಳಾಸಕ್ಕೆ 20, ಮಿಕ್ಕವು ವಿದ್ಯುತ್ತು, ಗಡಿಯಾರ, ಇಂಟರಪ್ಟ್ ಮುಂತಾದ ಸಂಕೇತಗಳಿಗೆ. 8088 ಪ್ರೊಸೆಸರಿನ ಕಾಲುಗಳನ್ನೇ ಸ್ವಲ್ಪ ಬಲಪಡಿಸಿ ಹೊರಗೆ ತಂದಂತಿದ್ದ ಬಸ್ಸು ಅದು, ಓಡುತ್ತಿದ್ದುದೂ ಪ್ರೊಸೆಸರಿನ 4.77 ಮೆಗಾಹರ್ಟ್ಸ್ ವೇಗದಲ್ಲೇ. ಹೆಚ್ಚಿನ ಮಹತ್ವದ್ದು ಇನ್ನೊಂದಿತ್ತು: ಐಬಿಎಮ್ ಅದರ ತಾಂತ್ರಿಕ ಕೈಪಿಡಿಯನ್ನು ಸರ್ಕ್ಯೂಟ್ ನಕ್ಷೆಗಳ ಸಮೇತ ಅಚ್ಚು ಹಾಕಿ ಮಾರಿತು. ಯಾವ ಪಿನ್ನಿನಲ್ಲಿ ಏನು ಎಂಬುದು ಕೈಪಿಡಿ ಕೊಂಡ ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ.

ಇದರ ಫಲ ಬೇಗ ಕಂಡಿತು. ವಾನ್ ಸುವನ್ನುಕುಲ್ ಎಂಬ ಥಾಯ್ ವಿದ್ಯಾರ್ಥಿ ತಮ್ಮ ಪಿಎಚ್‌ಡಿ ಪ್ರಬಂಧವನ್ನು ತಾಯ್ನುಡಿಯ ಲಿಪಿಯಲ್ಲಿ ಬರೆಯಬೇಕೆಂದು ಹೊರಟು, ಐಬಿಎಮ್ ಪರದೆಯಲ್ಲಿ ಅದು ಮೂಡದಾದಾಗ ತಾವೇ ಗ್ರಾಫಿಕ್ಸ್ ಕಾರ್ಡ್ ಮಾಡಿದರು. ಅದು 1982ರ ಹರ್ಕ್ಯುಲಿಸ್ ಕಾರ್ಡ್. ನಮ್ಮಲ್ಲೂ ಇದೇ ಬಾಗಿಲಿನಿಂದ ಲಿಪಿಗಳು ಒಳಬಂದವು. ಐಐಟಿ ಕಾನ್ಪುರದಲ್ಲಿ ಚಿಗುರಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಕೂತದ್ದು ಪಿಸಿಯ ಇದೇ ಸ್ಲಾಟಿನಲ್ಲಿ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಡಾಸ್ ಪರದೆಯ ಮೇಲೆ ಕನ್ನಡ, ದೇವನಾಗರಿ, ತಮಿಳು ಮೂಡಿಸಲು ಬೇಕಾದ ಬುದ್ಧಿಯೆಲ್ಲ ಆ ಕಾರ್ಡಿನ ಮೇಲಿತ್ತು. ನಕ್ಷೆ ಬಚ್ಚಿಟ್ಟ ಬಸ್ಸಿನಲ್ಲಿ ಇದು ಎಂದಾದರೂ ಸಾಧ್ಯವಿತ್ತೇ? ತೆರೆದ ಮಾನದಂಡ ಎಂದಾಗ ನನಗೆ ಮೊದಲು ನೆನಪಾಗುವುದು ಆ ಕಾರ್ಡೇ.

ಆದರೆ ಈ ಬಸ್ಸು ಕಾರ್ಡಿನಿಂದ ಕೇಳುತ್ತಿದ್ದದ್ದು ತೀರಾ ಕಡಿಮೆ. ವಿಳಾಸದ ತಂತಿಗಳನ್ನು ಗಮನಿಸುತ್ತಿರು, ನಿನ್ನ ವಿಳಾಸ ಬಂದಾಗ ಉತ್ತರಿಸು, ಅಷ್ಟೇ. ನೀನು ಯಾರು ಎಂದು ಅದು ಕೇಳುತ್ತಿರಲಿಲ್ಲ. ಎರಡು ಕಾರ್ಡುಗಳು ಒಂದೇ ವಿಳಾಸಕ್ಕೆ ಉತ್ತರ ಕೊಟ್ಟರೆ ತಡೆಯುವವರು ಯಾರೂ ಇಲ್ಲ. ಹಾಗಾಗಿ ಕಾರ್ಡಿನ ಮೇಲೆ ಪುಟ್ಟ ಪಿನ್ನುಗಳ ಸಾಲು, ಅವನ್ನು ಜೋಡಿಸುವ ಉಗುರುಗಾತ್ರದ ಜಂಪರ್. ಪ್ರೊಸೆಸರಿನ ಗಮನ ಸೆಳೆಯಲು ಸಾಧನ ಬಳಸುವ ಇಂಟರಪ್ಟ್ ಇನ್ನೂ ದೊಡ್ಡ ತಲೆನೋವು. ಪಿಸಿಯಲ್ಲಿ ಒಟ್ಟು ಎಂಟು ಇಂಟರಪ್ಟ್ ತಂತಿ. ಗಡಿಯಾರಕ್ಕೆ ಒಂದು, ಕೀಬೋರ್ಡಿಗೆ ಒಂದು ಹೋಗಿ ಸ್ಲಾಟ್‌ಗಳಿಗೆ ಉಳಿದದ್ದು ಆರು. 4 ಮತ್ತು 3 ಸೀರಿಯಲ್ ಪೋರ್ಟ್‌ಗಳಿಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ, 5 ಹಾರ್ಡ್ ಡಿಸ್ಕಿಗೆ. 1984ರ ಪಿಸಿ-ಎಟಿಯಲ್ಲಿ ಬಸ್ಸನ್ನು 16 ಬಿಟ್‌ಗೆ ಹಿಗ್ಗಿಸಿ, ಹಳೆಯ ಸ್ಲಾಟಿನ ಹಿಂದೆ 36 ಸಂಪರ್ಕದ ಇನ್ನೊಂದು ತುಂಡು ಸೇರಿಸಿ, ಇಂಟರಪ್ಟ್‌ಗಳನ್ನು 15ಕ್ಕೆ ಏರಿಸಿದರು. ಹಳೆಯ ಕಾರ್ಡು ಹೊಸ ಸ್ಲಾಟಿನಲ್ಲೂ ಕೂರುತ್ತಿತ್ತು. ಅದು ದೊಡ್ಡ ಜಾಣತನ. ಆದರೆ ತಂತಿಯ ಮಟ್ಟವನ್ನು ಬಿಟ್ಟು ಅದರ ಏರಿಕೆಯ ಕ್ಷಣವನ್ನಷ್ಟೇ ಗಮನಿಸುವ ಹಳೆಯ ಕ್ರಮ ಉಳಿದುಕೊಂಡದ್ದರಿಂದ ಎರಡು ಕಾರ್ಡುಗಳು ಒಂದು ಇಂಟರಪ್ಟನ್ನು ಹಂಚಿಕೊಳ್ಳುವುದು ಆಗದ ಮಾತಾಗಿಯೇ ಇತ್ತು.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ವಿಳಾಸ 220, ಮೆಮೊರಿಗೆ ನೇರ ದಾರಿಯಾದ ಡಿಎಮ್ಎ 1, ಇಂಟರಪ್ಟ್ ಅಂದರೆ ಐಆರ್‌ಕ್ಯೂ 7 ಎಂಬುದು ಕಾರ್ಖಾನೆಯಿಂದ ಬರುವಾಗಿನ ಜೋಡಣೆ. 7 ಪ್ರಿಂಟರಿನ ಪಾಲು. ಮುಂದಿನ ಮಾದರಿಗಳಲ್ಲಿ ಅದನ್ನು 5 ಮಾಡಿದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ ಹುಡುಗರಿಗೆ ಈ ಸಂಖ್ಯೆಗಳು ಮಗ್ಗಿಯಂತೆ ಬಾಯಿಪಾಠವಾಗಿದ್ದವು. ಯಾವ ಕಾರ್ಡು ಯಾವುದರೊಡನೆ ಜಗಳ ಕಾಯುತ್ತದೆ, ಮೋಡೆಮ್ ಹಾಕಿದರೆ ಮೌಸ್ ಯಾಕೆ ನಿಂತುಹೋಗುತ್ತದೆ ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಆ ಜ್ಞಾನಕ್ಕೆ ಪದವಿ ಕೊಡುವವರಿರಲಿಲ್ಲ, ಆದರೆ ಇಡೀ ಪಿಸಿ ಯುಗ ನಿಂತದ್ದು ಅಂಥವರ ನೆನಪಿನ ಮೇಲೆ.

ಹೊರಗಡೆ ತಗುಲಿಸುವ ಸಾಧನಗಳ ಕಥೆಯೂ ಬೇರೆಯಾಗಿರಲಿಲ್ಲ. ಆರ್‌ಎಸ್-232 ಸೀರಿಯಲ್ ಪೋರ್ಟ್ 1960ರ ಮಾನದಂಡ, ಟೆಲಿಪ್ರಿಂಟರಿಗೂ ಮೋಡೆಮ್‌ಗೂ ನಡುವೆ ಇರಲೆಂದು ಮಾಡಿದ್ದು. ಎರಡೂ ತುದಿಗಳು ವೇಗ, ಬಿಟ್‌ಗಳ ಎಣಿಕೆ, ಪ್ಯಾರಿಟಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಒಂದು ಕಡೆ ತಪ್ಪಿದರೆ ಪರದೆಯ ತುಂಬ ಕಸ. ಪ್ಯಾರಲಲ್ ಪೋರ್ಟಿನ ಮೂಲ 1970ರ ಸೆಂಟ್ರಾನಿಕ್ಸ್ ಪ್ರಿಂಟರ್. ಅದರ 36 ಪಿನ್ನಿನ ಕನೆಕ್ಟರ್ ಆಯ್ಕೆಯಾದ ಬಗೆ ಸ್ವಾರಸ್ಯದ್ದು. ವ್ಯಾಂಗ್ ಕಂಪನಿಯ ಹಳೆಯ ಕ್ಯಾಲ್ಕುಲೇಟರುಗಳಿಗೆಂದು ತರಿಸಿದ್ದ 20,000 ಕನೆಕ್ಟರುಗಳು ಉಳಿದುಹೋಗಿದ್ದವು, ಸೆಂಟ್ರಾನಿಕ್ಸ್ ಅದೇ ಕಂಪನಿಯ ಮಗ್ಗುಲಲ್ಲಿ ಹುಟ್ಟಿದ್ದು, ಇದ್ದದ್ದನ್ನೇ ಬಳಸಿಕೊಂಡರು. ಎಂಟು ತಂತಿಯಲ್ಲಿ ಅಕ್ಷರ ಇಡು, ಸ್ಟ್ರೋಬ್ ಕೊಡು, ಪ್ರಿಂಟರ್ ‘ಬಿಡುವಿಲ್ಲ’ ಎಂದರೆ ಕಾಯು. ತುಮಕೂರಿನಲ್ಲಿ ತಯಾರಾಗುತ್ತಿದ್ದ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಮಾತಾಡುತ್ತಿದ್ದದ್ದು ಈ ಭಾಷೆಯನ್ನೇ.

ಡಿಸ್ಕುಗಳ ಜಗಳಕ್ಕೆ ಮರಳೋಣ, ಏಕೆಂದರೆ ತಿರುವು ಬಂದದ್ದು ಅಲ್ಲಿ. 1983ರಲ್ಲಿ ಐಬಿಎಮ್ ತನ್ನ ಪಿಸಿ-ಎಕ್ಸ್‌ಟಿಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹಾಕಿದಾಗ ಆರಿಸಿಕೊಂಡದ್ದು ಸೀಗೇಟಿನ ದಾರಿಯನ್ನು. ಡ್ರೈವ್ ಅಗ್ಗ, ಕಂಟ್ರೋಲರ್ ಒಂದೇ ಇದ್ದರೆ ಎರಡು ಡ್ರೈವಿಗೆ ಸಾಕು. ಆದರೆ ಡ್ರೈವ್ ಏನನ್ನೂ ಹೇಳದಿದ್ದುದರಿಂದ ಎಷ್ಟು ಸಿಲಿಂಡರ್, ಎಷ್ಟು ಹೆಡ್ ಎಂಬುದನ್ನು ಮನುಷ್ಯನೇ ಕಂಪ್ಯೂಟರಿಗೆ ತಿಳಿಸಬೇಕಾಯಿತು. ಎಟಿಯ ಬಯಾಸ್‌ನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಮಿನಲ್ಲಿ, ಡ್ರೈವ್ ಬಗೆಗಳ ಒಂದು ಪಟ್ಟಿಯೇ ಇತ್ತು. ನಿಮ್ಮದು ಅದರಲ್ಲಿ ಇಲ್ಲದಿದ್ದರೆ ಹತ್ತಿರದ ಸಣ್ಣದಕ್ಕೆ ತೃಪ್ತಿಪಡಬೇಕು. ಕಂಟ್ರೋಲರ್ ಕೆಟ್ಟು ಬೇರೆ ಕಂಪನಿಯದು ಹಾಕಿದರೆ ಡಿಸ್ಕಿನಲ್ಲಿದ್ದದ್ದು ಓದಲು ಬರದೇ ಹೋಗಬಹುದಿತ್ತು, ಏಕೆಂದರೆ ಮಿಡಿತಗಳನ್ನು ಅರ್ಥ ಮಾಡುವ ಬಗೆ ಕಂಟ್ರೋಲರಿನದು. ಮತ್ತೆ ತಳಮಟ್ಟದಿಂದ ಫಾರ್ಮ್ಯಾಟ್ ಮಾಡಿ, ಡ್ರೈವಿನ ಮೇಲೆ ಅಂಟಿಸಿದ ಚೀಟಿ ನೋಡಿ ಕೆಟ್ಟ ಜಾಗಗಳ ಪಟ್ಟಿಯನ್ನು ಕೈಯಿಂದ ಟೈಪು ಮಾಡಬೇಕಿತ್ತು.

ಸ್ಕಸಿಯ ಲೋಕವೇ ಬೇರೆ. ಒಂದೇ ಕೇಬಲ್ಲಿನಲ್ಲಿ ಎಂಟು ಸದಸ್ಯರು, ಕಂಪ್ಯೂಟರಿನ ಅಡಾಪ್ಟರ್ ಕೂಡ ಅವರಲ್ಲಿ ಒಬ್ಬ. ಪ್ರತಿಯೊಬ್ಬರಿಗೂ 0ಯಿಂದ 7ರ ತನಕ ಒಂದು ಸಂಖ್ಯೆ. ದತ್ತದ ತಂತಿಗಳೂ ಎಂಟೇ. ಬಸ್ಸು ಬೇಕಾದವರು ತಮ್ಮ ಸಂಖ್ಯೆಯ ತಂತಿಯನ್ನು ಎಳೆಯುತ್ತಾರೆ, ದೊಡ್ಡ ಸಂಖ್ಯೆಯವರಿಗೆ ಗೆಲುವು. ತೀರ್ಪು ಕೊಡುವ ಮೂರನೆಯವರು ಬೇಕೇ ಇಲ್ಲದ ಈ ವ್ಯವಸ್ಥೆಯನ್ನು ನೋಡಿದಾಗಲೆಲ್ಲ ನನಗೆ ಮೆಚ್ಚುಗೆ ಉಕ್ಕುತ್ತದೆ. ಇನ್ನೊಂದು ಗುಣ: ಹೆಡ್ ಸರಿಯುತ್ತಿರುವ ಹೊತ್ತಿನಲ್ಲಿ ಡ್ರೈವ್ ತಾನಾಗಿ ಬಸ್ಸು ಬಿಟ್ಟುಕೊಟ್ಟು, ದತ್ತ ಸಿದ್ಧವಾದ ಮೇಲೆ ಮತ್ತೆ ಬಂದು ಸೇರಿಕೊಳ್ಳುತ್ತದೆ, ಅಷ್ಟರಲ್ಲಿ ಬೇರೆಯವರ ಕೆಲಸ ಸಾಗುತ್ತದೆ. ‘ನೀನು ಯಾರು’ ಎಂದು ಕೇಳುವ ಇನ್‌ಕ್ವೈರಿ ಎಂಬ ಆಜ್ಞೆಯೂ ಇಲ್ಲಿತ್ತು. ತಾನು ಡಿಸ್ಕೋ, ಟೇಪೋ, ಸ್ಕ್ಯಾನರೋ, ಯಾವ ಕಂಪನಿಯದು ಎಂದು ಸಾಧನ ಅದಕ್ಕೆ ಉತ್ತರಿಸಬೇಕು. 1986ರ ಜನವರಿಯಲ್ಲಿ ಬಂದ ಆಪಲ್‌ನ ಮ್ಯಾಕಿಂತಾಶ್ ಪ್ಲಸ್ ಬೆನ್ನಿನಲ್ಲಿ ಸ್ಕಸಿ ಪೋರ್ಟ್ ಹೊತ್ತೇ ಬಂತು.

ಆದರೆ ಇದಕ್ಕೆಲ್ಲ ಪ್ರತಿ ಸಾಧನದೊಳಗೂ ಒಂದು ಪುಟ್ಟ ಪ್ರೊಸೆಸರ್, ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಬೆಲೆ ಏರಿತು. ಮನುಷ್ಯನ ಹೊರೆಯೂ ಪೂರ್ತಿ ಇಳಿಯಲಿಲ್ಲ: ಸಂಖ್ಯೆಗಳನ್ನು ಅವನೇ ಹಂಚಬೇಕು, ಸರಪಣಿಯ ಎರಡೂ ತುದಿಗಳಲ್ಲಿ ಟರ್ಮಿನೇಟರ್ ಕೂರಿಸಬೇಕು, ಒಟ್ಟು ಉದ್ದ 6 ಮೀಟರ್ ಮೀರಬಾರದು. ಟರ್ಮಿನೇಟರ್ ಇಲ್ಲದಿದ್ದರೆ ಸಂಕೇತ ತಂತಿಯ ತುದಿ ಮುಟ್ಟಿ ಹಿಂದಿರುಗುತ್ತದೆ, ಮುಂದಿನ ಸಂಕೇತಕ್ಕೆ ಅಡ್ಡ ಬರುತ್ತದೆ. ಕೆಲವೊಮ್ಮೆ ನಡೆದು ಕೆಲವೊಮ್ಮೆ ನಡೆಯದ ಸರಪಣಿಯ ಕಾರಣ ಹುಡುಕುವುದು ಬಲ್ಲವರಿಗೂ ಕಷ್ಟವೇ ಆಗಿತ್ತು. ಬೌಚರ್ ಅವರೇ 1981ರಲ್ಲಿ ಹುಟ್ಟುಹಾಕಿದ ಅಡಾಪ್ಟೆಕ್ ಕಂಪನಿ ಪಿಸಿಗಳಿಗೆ ಸ್ಕಸಿ ಕಾರ್ಡು ಮಾರುವುದರಲ್ಲಿ ಹೆಸರು ಮಾಡಿತಾದರೂ, ಅವನ್ನು ಕೊಂಡವರಲ್ಲಿ ಸರ್ವರ್ ಇಟ್ಟವರು, ಪ್ರಕಟಣೆಯ ಕೆಲಸದವರೇ ಹೆಚ್ಚು.

ಮಧ್ಯದ ದಾರಿಯೊಂದು ಕಾಂಪ್ಯಾಕ್ ಕಡೆಯಿಂದ ತೆರೆಯಿತು. ಐಬಿಎಮ್‌ನ ಬಯಾಸನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಹೊಸದನ್ನು ಬರೆದು ಪಿಸಿಗೆ ಸರಿಹೊಂದುವ ಯಂತ್ರ ಮಾರಿದ ಹೂಸ್ಟನ್ನಿನ ಕಂಪನಿಯದು. 1986ರ ಸುಮಾರಿಗೆ ವೆಸ್ಟರ್ನ್ ಡಿಜಿಟಲ್ ಮತ್ತು ಕಂಟ್ರೋಲ್ ಡೇಟಾ ಕಂಪನಿಗಳ ಜೊತೆ ಸೇರಿ ಅದು ಕಂಟ್ರೋಲರನ್ನು ಡ್ರೈವಿನ ಮೈಮೇಲೆಯೇ ಕೂರಿಸಿತು. ಬೌಚರ್ ಅವರ ಯೋಚನೆಯೇ, ಆದರೆ ಹೊಸ ಭಾಷೆ ಬೇಡವೆಂದು ತೀರ್ಮಾನಿಸಿ, ಎಟಿ ಯಂತ್ರದ ಹಳೆಯ ಕಂಟ್ರೋಲರ್ ಯಾವ ರಿಜಿಸ್ಟರುಗಳಿಂದ ಮಾತಾಡುತ್ತಿತ್ತೋ ಅವನ್ನೇ ಡ್ರೈವಿನೊಳಗೆ ಉಳಿಸಿಕೊಂಡರು. ವಿಳಾಸ 1ಎಫ್0, ಐಆರ್‌ಕ್ಯೂ 14. 40 ತಂತಿಯ ಕೇಬಲ್ ಅಂದರೆ ಮದರ್‌ಬೋರ್ಡಿನ ಬಸ್ಸನ್ನೇ ಡ್ರೈವಿನ ತನಕ ಎಳೆದಂತೆ. ಆಪರೇಟಿಂಗ್ ಸಿಸ್ಟಮ್‌ಗೆ ಏನೂ ಬದಲಾದದ್ದೇ ತಿಳಿಯಲಿಲ್ಲ. ಇದು ಐಡಿಇ. ಶುಗಾರ್ಟ್ ಅವರ ಜೊತೆಗಾರರಾಗಿದ್ದ ಫಿನಿಸ್ ಕಾನರ್ ಅಷ್ಟರಲ್ಲಿ ಸೀಗೇಟ್ ಬಿಟ್ಟು, ಕಾಂಪ್ಯಾಕ್‌ನ ಬಂಡವಾಳದಿಂದ ತಮ್ಮದೇ ಕಂಪನಿ ತೆರೆದಿದ್ದರು. ಅವರ ಡ್ರೈವುಗಳು ಈ ಹೊಸ ಬಗೆಯವೇ.

ಹಳೆಯ ಭಾಷೆ ಉಳಿಸಿಕೊಂಡದ್ದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಬಯಾಸ್ 1024 ಸಿಲಿಂಡರುಗಳಿಗಿಂತ ಹೆಚ್ಚು ಎಣಿಸಲಾರದು, ಐಡಿಇ 16 ಹೆಡ್‌ಗಿಂತ ಹೆಚ್ಚು ಒಪ್ಪದು, ಟ್ರ್ಯಾಕಿಗೆ 63 ಸೆಕ್ಟರ್. ಸೆಕ್ಟರಿನ ಅಳತೆಯನ್ನೂ ಸೇರಿಸಿ ಗುಣಿಸಿದರೆ ಸುಮಾರು 528 ದಶಲಕ್ಷ ಬೈಟ್. ತೊಂಬತ್ತರ ದಶಕದ ಮೊದಲರ್ಧ ಮುಗಿಯುವ ಹೊತ್ತಿಗೆ ಡಿಸ್ಕುಗಳು ಈ ಗೋಡೆಗೆ ಬಂದು ಬಡಿದವು. ಒಂದು ಕೇಬಲ್ಲಿಗೆ ಇಬ್ಬರೇ, ಮಾಸ್ಟರ್ ಮತ್ತು ಸ್ಲೇವ್. ಯಾರು ಯಾವುದೆಂಬುದಕ್ಕೆ ಮತ್ತೆ ಜಂಪರ್. ಬೇರೆ ಬೇರೆ ಕಂಪನಿಯ ಎರಡು ಡ್ರೈವ್ ಒಂದೇ ಕೇಬಲ್ಲಿನಲ್ಲಿ ಬಾಳಲು ಒಪ್ಪದ ದಿನಗಳೂ ಇದ್ದವು. ಮಾನದಂಡ ಅಚ್ಚಿಗೆ ಬಂದದ್ದು 1994ರಲ್ಲಿ, ಡ್ರೈವುಗಳು ಕೋಟಿಗಟ್ಟಲೆ ಮಾರಾಟವಾದ ಮೇಲೆ. ಆದರೂ ಅಗ್ಗದ್ದೇ ಗೆದ್ದಿತು. ಸಿಡಿ-ರಾಮ್ ಡ್ರೈವನ್ನು ಇದೇ ಕೇಬಲ್ಲಿಗೆ ಸೇರಿಸಬೇಕಾಗಿ ಬಂದಾಗ ಹಳೆಯ ಆಜ್ಞೆಗಳು ಸಾಲಲಿಲ್ಲ. ಸ್ಕಸಿಯ ಆಜ್ಞೆಗಳನ್ನೇ 12 ಬೈಟಿನ ಪೊಟ್ಟಣ ಕಟ್ಟಿ ಐಡಿಇ ತಂತಿಯಲ್ಲಿ ಕಳಿಸಿದರು. ಸೋತವನ ಭಾಷೆ ಗೆದ್ದವನ ಬಾಯಲ್ಲಿ ಉಳಿಯಿತು.

ಪೆಟ್ಟಿಗೆಯೊಳಗಿನ ಬಸ್ಸಿನ ದೊಡ್ಡ ಕದನ 1987ರದು. ಆ ವರ್ಷದ ಏಪ್ರಿಲ್ 2ರಂದು ಐಬಿಎಮ್ ಪಿಎಸ್/2 ಯಂತ್ರಗಳನ್ನು ಹೊರತಂದಿತು. ದೊಡ್ಡ ಮಾದರಿಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಬಸ್ಸಿತ್ತು. ತಾಂತ್ರಿಕವಾಗಿ ನೋಡಿದರೆ ಅದರಷ್ಟು ಒಳ್ಳೆಯ ಬಸ್ಸು ಆಗ ಪಿಸಿ ಲೋಕದಲ್ಲಿ ಬೇರೆ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 32 ಬಿಟ್‌ನ ದಾರಿ, ಹಂಚಿಕೊಳ್ಳಬಲ್ಲ ಇಂಟರಪ್ಟ್, ಪ್ರೊಸೆಸರಿನ ಕೈ ಕಾಯದೆ ಬಸ್ಸನ್ನು ತಾನೇ ನಡೆಸಬಲ್ಲ ಕಾರ್ಡು. ಮುಖ್ಯವಾಗಿ ಜಂಪರ್ ಇಲ್ಲ: ಪ್ರತಿ ಕಾರ್ಡಿನಲ್ಲೂ ಅದರ ಗುರುತಿನ ಸಂಖ್ಯೆ ಅಚ್ಚೊತ್ತಿರುತ್ತದೆ, ಯಂತ್ರದ ಜೊತೆ ಬಂದ ರೆಫರೆನ್ಸ್ ಫ್ಲಾಪಿ ಹಾಕಿದರೆ ಪ್ರೋಗ್ರಾಮು ಆ ಸಂಖ್ಯೆ ಓದಿ, ಅದರ ವಿವರದ ಕಡತ ಹುಡುಕಿ, ವಿಳಾಸಗಳನ್ನು ಜಗಳವಿಲ್ಲದಂತೆ ಹಂಚುತ್ತದೆ. ಕಾರ್ಡು ತನ್ನ ಹೆಸರು ಹೇಳುತ್ತದೆ, ಅದರ ಅಗತ್ಯಗಳನ್ನು ಮಾತ್ರ ಫ್ಲಾಪಿ ಹೇಳಬೇಕು. ಆ ಫ್ಲಾಪಿ ಕಳೆದುಹೋದರೆ ಮಾತ್ರ ಕಾರ್ಡು ನಿರುಪಯೋಗಿ.

ಆದರೆ ಹಳೆಯ ಕಾರ್ಡುಗಳು ಮೈಕ್ರೋ ಚಾನೆಲ್ ಸ್ಲಾಟಿನಲ್ಲಿ ಕೂರುತ್ತಿರಲಿಲ್ಲ. ಜನ ದುಡ್ಡು ಕೊಟ್ಟು ಕೊಂಡಿದ್ದ ಮೋಡೆಮ್, ನೆಟ್‌ವರ್ಕ್ ಕಾರ್ಡು, ಮೆಮೊರಿ ಕಾರ್ಡು ಎಲ್ಲ ಕಸ. ಜೊತೆಗೆ, ಈ ಬಸ್ಸಿರುವ ಯಂತ್ರ ಮಾಡಬಯಸುವವರು ಮಾರಾಟದ ಮೊತ್ತದಲ್ಲಿ ಶೇಕಡಾ 5ರ ತನಕ ರಾಯಧನ ಕೊಡಬೇಕು ಎಂದು ಐಬಿಎಮ್ ಕೇಳಿತು. ಆರು ವರ್ಷಗಳ ಹಿಂದೆ ನಕ್ಷೆಯನ್ನು ಮಾರಿ ಜಗತ್ತನ್ನೇ ಒಳಗೆ ಕರೆದ ಕಂಪನಿ ಈಗ ಬಾಗಿಲಲ್ಲಿ ಸುಂಕದಕಟ್ಟೆ ಹಾಕಿತು.

1988ರ ಸೆಪ್ಟೆಂಬರಿನಲ್ಲಿ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಒಗ್ಗಟ್ಟಾಗಿ ಉತ್ತರ ಕೊಟ್ಟವು. ಎಎಸ್‌ಟಿ, ಎಪ್ಸನ್, ಎಚ್‌ಪಿ, ಎನ್‌ಇಸಿ, ಒಲಿವೆಟ್ಟಿ, ಟ್ಯಾಂಡಿ, ವೈಸ್, ಜೆನಿತ್ ಉಳಿದ ಎಂಟು. ಅವರ ಇಐಎಸ್‌ಎ ಬಸ್ಸು ಕೂಡ 32 ಬಿಟ್‌ನದು, ಅಲ್ಲೂ ಕಾರ್ಡಿಗೆ ಗುರುತಿನ ಸಂಖ್ಯೆ. ಆದರೆ ಸ್ಲಾಟು ಎರಡು ಅಂತಸ್ತಿನದು: ಹಳೆಯ ಕಾರ್ಡು ಮೇಲಿನ ಅಂತಸ್ತಿನ ಸಂಪರ್ಕಗಳನ್ನು ಮಾತ್ರ ಮುಟ್ಟಿ ನಿಲ್ಲುತ್ತದೆ, ಹೊಸದು ಇನ್ನೂ ಕೆಳಗಿಳಿದು ಎರಡನ್ನೂ ಮುಟ್ಟುತ್ತದೆ. ಹಳೆಯ ಎಟಿ ಬಸ್ಸಿಗೆ ಐಎಸ್‌ಎ, ಅಂದರೆ ಇಡೀ ಉದ್ಯಮದ ಮಾನದಂಡ ಎಂಬ ಹೆಸರು ಬಂದದ್ದೂ ಈ ಗುಂಪಿನಿಂದ. ಐಬಿಎಮ್ ಹೆತ್ತ ಮಗುವಿಗೆ ಎದುರಾಳಿಗಳು ನಾಮಕರಣ ಮಾಡಿದರು. ಇಐಎಸ್‌ಎ ದುಬಾರಿಯಾಗಿ ಸರ್ವರುಗಳಲ್ಲೇ ಉಳಿಯಿತು, ಮೈಕ್ರೋ ಚಾನೆಲ್ ತೊಂಬತ್ತರ ದಶಕದ ನಡುವೆ ಮರೆಯಾಯಿತು, ಇಬ್ಬರ ಜಗಳದಲ್ಲಿ ಸಾಮಾನ್ಯರ ಮೇಜಿನ ಮೇಲೆ ಜಂಪರಿನ ಐಎಸ್‌ಎ ಇನ್ನೂ ಹಲವು ವರ್ಷ ಬಾಳಿತು.

ವಿಂಡೋಸ್ ಬಂದು ಪರದೆಯ ಚಿತ್ರಗಳು ಭಾರವಾದಾಗ ಅದರ ವೇಗ ಸಾಲದಾಯಿತು. 1992ರಲ್ಲಿ ವೀಸಾ ಲೋಕಲ್ ಬಸ್ ಎಂಬ ತಾತ್ಕಾಲಿಕ ಪರಿಹಾರ ಬಂತು: 486 ಪ್ರೊಸೆಸರಿನ ತಂತಿಗಳನ್ನೇ ನೇರವಾಗಿ ಸ್ಲಾಟಿಗೆ ಎಳೆದದ್ದು. ಉದ್ದನೆಯ ಕಾರ್ಡು, ಎರಡೋ ಮೂರೋ ಸ್ಲಾಟು; 486 ಹೋದಾಗ ಅದೂ ಹೋಯಿತು. ಅದೇ ವರ್ಷ ಇಂಟೆಲ್ ಪಿಸಿಐ ಬಸ್ಸಿನ ವಿವರಗಳನ್ನು ಪ್ರಕಟಿಸಿತು, ಅದರ ಮೇಲ್ವಿಚಾರಣೆಯನ್ನು ಹಲವು ಕಂಪನಿಗಳ ಕೂಟಕ್ಕೆ ಒಪ್ಪಿಸಿತು. 33 ಮೆಗಾಹರ್ಟ್ಸ್, ಸೆಕೆಂಡಿಗೆ 133 ಮೆಗಾಬೈಟ್ ಎಂಬ ಅಂಕಿ ಪತ್ರಿಕೆಗಳಲ್ಲಿ ಮೆರೆಯಿತು. ನಿಜವಾದ ಹೊಸತನ ಇದ್ದದ್ದು 256 ಬೈಟಿನ ಒಂದು ಪುಟ್ಟ ಜಾಗದಲ್ಲಿ.

ಪ್ರತಿ ಪಿಸಿಐ ಸಾಧನದಲ್ಲೂ ಆ 256 ಬೈಟ್ ಇರಲೇಬೇಕು. ಮೊದಲ ಎರಡು ಬೈಟು ತಯಾರಕರ ಸಂಖ್ಯೆ, ಮುಂದಿನೆರಡು ಸಾಧನದ ಸಂಖ್ಯೆ. ಇಂಟೆಲ್ ತನಗಾಗಿ ಆರಿಸಿಕೊಂಡ ಸಂಖ್ಯೆ 8086. ಅದರ ಮುಂದೆ ಈ ಸಾಧನ ಯಾವ ವರ್ಗದ್ದು, ಎಷ್ಟು ವಿಳಾಸ ಜಾಗ ಬೇಕು ಎಂಬ ವಿವರ. ಎಷ್ಟು ಜಾಗ ಎಂದು ತಿಳಿಯುವ ಉಪಾಯ ಬಹಳ ಚೆಂದದ್ದು: ಆ ರಿಜಿಸ್ಟರಿಗೆ ಎಲ್ಲ ಬಿಟ್‌ಗಳನ್ನೂ ಒಂದು ಮಾಡಿ ಬರೆ, ಮತ್ತೆ ಓದು, ಕಾರ್ಡು ಬದಲಿಸಲು ಬಿಡದೆ ಸೊನ್ನೆಯಾಗಿಯೇ ಉಳಿಸಿದ ಬಿಟ್‌ಗಳಿಂದ ಅಳತೆ ಗೊತ್ತಾಗುತ್ತದೆ. ಫ್ಲಾಪಿ ಬೇಡ, ಕೈಪಿಡಿ ಬೇಡ. ಕಂಪ್ಯೂಟರ್ ಚಾಲೂ ಆದಾಗ ಬಯಾಸ್ ಸ್ಲಾಟ್ ಸ್ಲಾಟಿಗೂ ಹೋಗಿ ಓದುತ್ತದೆ, ವಿಳಾಸ ಹಂಚುತ್ತದೆ. ಇಂಟರಪ್ಟ್ ಹಂಚಿಕೊಳ್ಳಬಹುದು. ಮೈಕ್ರೋ ಚಾನೆಲ್ ಅರ್ಧ ಮಾಡಿ ನಿಲ್ಲಿಸಿದ್ದನ್ನು ಪಿಸಿಐ ಪೂರ್ತಿ ಮಾಡಿತು, ಸುಂಕ ಕೇಳದೆ. 1995ರಲ್ಲಿ ಆಪಲ್ ಕೂಡ ತನ್ನ ಪವರ್ ಮ್ಯಾಕ್‌ಗಳಿಗೆ ಪಿಸಿಐ ಹಾಕಿತು.

ಇನ್ನು ಉಳಿದದ್ದು ಪೆಟ್ಟಿಗೆಯ ಬೆನ್ನು. ಸೀರಿಯಲ್ಲಿಗೊಂದು, ಪ್ರಿಂಟರಿಗೊಂದು, ಕೀಬೋರ್ಡಿಗೊಂದು, ಜಾಯ್‌ಸ್ಟಿಕ್ಕಿಗೊಂದು ಹೀಗೆ ಆಕಾರ ಆಕಾರದ ತೂತುಗಳು. ಬರೋಡಾದಲ್ಲಿ ಎಂಜಿನಿಯರಿಂಗ್ ಓದಿ ಇಂಟೆಲ್ ಸೇರಿದ್ದ ಅಜಯ್ ಭಟ್ ಅವರ ತಂಡ ಇವೆಲ್ಲದಕ್ಕೂ ಒಂದೇ ಉತ್ತರ ಹುಡುಕಿತು. ಕಾಂಪ್ಯಾಕ್, ಡಿಇಸಿ, ಐಬಿಎಮ್, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್ ಒಟ್ಟುಗೂಡಿದವು. 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಹೆಚ್ಚೆಂದರೆ ಸೆಕೆಂಡಿಗೆ 12 ಮೆಗಾಬಿಟ್, ಮೌಸಿನಂಥವಕ್ಕೆ 1.5.

ಸಾಧನದಿಂದ ಯುಎಸ್‌ಬಿ ಬಯಸುವುದೇನು ಎಂಬುದನ್ನು ಹಂತಹಂತವಾಗಿ ನೋಡಬೇಕು. ಚುಚ್ಚಿದೊಡನೆ ಸಾಧನದೊಳಗಿನ 1.5 ಕಿಲೋಓಮಿನ ಒಂದು ರೆಸಿಸ್ಟರ್ ಎರಡು ದತ್ತ ತಂತಿಗಳಲ್ಲಿ ಒಂದನ್ನು ಮೇಲೆಳೆಯುತ್ತದೆ. ಯಾವ ತಂತಿ ಎಂಬುದರಿಂದಲೇ ವೇಗ ತಿಳಿಯುತ್ತದೆ. ಕಂಪ್ಯೂಟರ್ ಅದನ್ನು ರೀಸೆಟ್ ಮಾಡಿ, ಸೊನ್ನೆಯ ವಿಳಾಸದಲ್ಲಿ ಮಾತಾಡಿಸಿ, 18 ಬೈಟಿನ ಪರಿಚಯಪತ್ರ ಕೇಳುತ್ತದೆ. ಆಮೇಲೆ 1ರಿಂದ 127ರೊಳಗೆ ಒಂದು ವಿಳಾಸ ಕೊಡುತ್ತದೆ. ಅಲ್ಲಿಯ ತನಕ ಸಾಧನ 100 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ ಎಳೆಯಬಾರದು. ಕೇಳಿ ಒಪ್ಪಿಗೆ ಪಡೆದ ಮೇಲೆ 500ರ ತನಕ. ಇಷ್ಟೆಲ್ಲ ಬುದ್ಧಿ ಕೇಳಿದರೂ ಯುಎಸ್‌ಬಿ ಸಾಧನಕ್ಕೆ ತಾನಾಗಿ ಬಾಯಿ ತೆರೆಯುವ ಹಕ್ಕು ಕೊಡಲಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಎಲೆ ಎಲೆಯ ಮುಂದೆ ನಿಂತು ಬೇಕೇ ಎಂದು ಕೇಳುತ್ತ ಹೋಗುವ ಹಾಗೆ ಕಂಪ್ಯೂಟರೇ ಒಂದೊಂದು ಸಾಧನವನ್ನೂ ಸರದಿಯಲ್ಲಿ ವಿಚಾರಿಸುತ್ತದೆ. ಜಗಳ ಬಿಡಿಸುವ ಸರ್ಕ್ಯೂಟ್ ಸಾಧನದೊಳಗೆ ಬೇಡವಾದ್ದರಿಂದ ಚಿಪ್ ಅಗ್ಗವಾಯಿತು. ಇನ್ನೂರು ರೂಪಾಯಿಯ ಮೌಸಿಗೂ ಹಾಕಬಹುದಾದಷ್ಟು ಅಗ್ಗ.

ಆಪಲ್ ಬೆಳೆಸಿ 1995ರಲ್ಲಿ ಮಾನದಂಡವಾದ ಫೈರ್‌ವೈರ್ ಇದಕ್ಕೆ ವಿರುದ್ಧ. ಅಲ್ಲಿ 63 ಸಾಧನಗಳೂ ಸಮಾನರು, ಕಂಪ್ಯೂಟರ್ ಇಲ್ಲದೆಯೂ ಎರಡು ಕ್ಯಾಮೆರಾಗಳು ಪರಸ್ಪರ ಮಾತಾಡಬಹುದು, ವೇಗ 400 ಮೆಗಾಬಿಟ್. ಸ್ಕಸಿಯ ಆತ್ಮ ಸೀರಿಯಲ್ ತಂತಿಯಲ್ಲಿ ಮರುಹುಟ್ಟು ಪಡೆದಂತಿತ್ತು. ವಿಡಿಯೊ ಸಂಕಲನ ಮಾಡುವವರು ಅದನ್ನು ಪ್ರೀತಿಸಿದರು, ನ್ಯಾಯವಾಗಿಯೇ. ಆದರೆ ಸಮಾನರಾಗಲು ಪ್ರತಿ ಸಾಧನಕ್ಕೂ ಹೆಚ್ಚು ಸಿಲಿಕಾನ್ ಬೇಕು. 1999ರ ಹೊತ್ತಿಗೆ ಆಪಲ್ ಪೋರ್ಟಿಗೆ 1 ಡಾಲರ್ ಪರವಾನಗಿ ಶುಲ್ಕ ಕೇಳಿದ್ದು, ಗದ್ದಲವಾದ ಮೇಲೆ ಯಂತ್ರಕ್ಕೆ 25 ಸೆಂಟಿಗೆ ಇಳಿದದ್ದು ಬೇರೆ. ಮೈಕ್ರೋ ಚಾನೆಲ್ಲಿನ ಗಾಯ ಇನ್ನೂ ಹಸಿಯಾಗಿದ್ದ ಉದ್ಯಮ ಅಷ್ಟಕ್ಕೇ ಹಿಂಜರಿಯಿತು.

ಯುಎಸ್‌ಬಿಯ ಮೊದಲ ವರ್ಷಗಳೂ ಸುಗಮವಾಗಿರಲಿಲ್ಲ. ಪೋರ್ಟಿದ್ದರೂ ಚುಚ್ಚಲು ಸಾಧನಗಳಿರಲಿಲ್ಲ, ವಿಂಡೋಸ್ 95ರ ಬೆಂಬಲ ಅರೆಬರೆ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದ ವೇದಿಕೆಯ ಮೇಲೆ ಬಿಲ್ ಗೇಟ್ಸ್ ಎದುರಿಗೇ ಸ್ಕ್ಯಾನರ್ ಚುಚ್ಚಿದಾಗ ವಿಂಡೋಸ್ 98 ಕುಸಿದು ಪರದೆ ನೀಲಿಯಾಯಿತು. ನಾಲ್ಕು ತಿಂಗಳ ನಂತರ, ಆಗಸ್ಟಿನಲ್ಲಿ, ಆಪಲ್‌ನ ಐಮ್ಯಾಕ್ ಅಂಗಡಿಗೆ ಬಂತು: ಫ್ಲಾಪಿ ಇಲ್ಲ, ಸ್ಕಸಿ ಇಲ್ಲ, ಹಳೆಯ ಸೀರಿಯಲ್ ಪೋರ್ಟೂ ಇಲ್ಲ, ಇದ್ದದ್ದು ಯುಎಸ್‌ಬಿ. ಬೇರೆ ದಾರಿಯಿಲ್ಲದೆ ಪ್ರಿಂಟರ್, ಸ್ಕ್ಯಾನರ್ ಕಂಪನಿಗಳು ಅದರ ಕಡೆ ತಿರುಗಿದವು. 2000ದ ಏಪ್ರಿಲ್‌ನಲ್ಲಿ ವೇಗ 480 ಮೆಗಾಬಿಟ್‌ಗೆ ಏರಿತು. ಪೆನ್ ಡ್ರೈವುಗಳು ಬಂದವು. ಅವುಗಳಿಗೆ ಕಂಪ್ಯೂಟರ್ ಕಳಿಸುವ ಪ್ರತಿ ಆಜ್ಞೆಯೂ ಯುಎಸ್‌ಬಿಯ 31 ಬೈಟಿನ ಲಕೋಟೆಯೊಳಗೆ ಮಡಿಸಿಟ್ಟ ಸ್ಕಸಿ ಆಜ್ಞೆಯೇ. ಬ್ಲಾಕಿನ ಸಂಖ್ಯೆ ಹೇಳಿ, ಮಿಕ್ಕದ್ದನ್ನು ಸಾಧನಕ್ಕೆ ಬಿಡುವುದು.

ಹೊಸ ಶತಮಾನದಲ್ಲಿ ಅಗಲದ ಕೇಬಲ್ಲುಗಳು ಒಂದೊಂದಾಗಿ ಕಿರಿದಾದವು. 2003ರಲ್ಲಿ ಸಾಟಾ ಐಡಿಇಯ ಜಾಗಕ್ಕೆ ಬಂತು, ಜಂಪರ್ ಮಾಯವಾಯಿತು, ಒಂದು ಕೇಬಲ್ಲಿಗೆ ಒಂದೇ ಡ್ರೈವ್. ಬೆನ್ನಿಗೇ ಬಂದ ಪಿಸಿಐ ಎಕ್ಸ್‌ಪ್ರೆಸ್ ತಂತಿಯ ಮಟ್ಟದಲ್ಲಿ ಪೂರ್ತಿ ಬೇರೆಯಾದರೂ ಆ 256 ಬೈಟಿನ ಜಾಗವನ್ನು ಇದ್ದಂತೆಯೇ ಉಳಿಸಿಕೊಂಡಿತು. ಐಎಸ್‌ಎ ಸ್ಲಾಟು ಮನೆಬಳಕೆಯ ಮದರ್‌ಬೋರ್ಡುಗಳಿಂದ 2000ದ ಆಸುಪಾಸಿನಲ್ಲೇ ಇಳಿದುಹೋಗಿತ್ತು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ, ಪ್ರಯೋಗಾಲಯದ ಅಳತೆಯ ಉಪಕರಣಗಳಿಗೆ ಜೋಡಿಸಿದ ಐಎಸ್‌ಎ ಕಾರ್ಡುಗಳು ಮಾತ್ರ ಇನ್ನೂ ಕೆಲಸದಲ್ಲಿವೆ; ಅವಕ್ಕಾಗಿ ಕೆಲವು ಕಂಪನಿಗಳು ಇಂದಿನ ಪ್ರೊಸೆಸರ್ ಹಾಕಿದ, 1984ರ ಸ್ಲಾಟಿರುವ ಬೋರ್ಡುಗಳನ್ನು ತಯಾರಿಸಿ ಮಾರುತ್ತಿವೆ. ಅವನ್ನು ಕೂರಿಸುವವರು ಈಗಲೂ ಐಆರ್‌ಕ್ಯೂ ಸಂಖ್ಯೆಗಳ ಲೆಕ್ಕ ಇಡುತ್ತಾರೆ.